ಅಭಿಮಾನಿಗಳು ಬೆಳೆಸಿದ ಉದ್ಯಮ: ಹಾತ್ಸುನೆ ಮಿಕು ಮತ್ತು ಪರವಾನಗಿಯ ಪಾಠ

ಸರಕು ಮಾರಾಟವಾಗಿ, ಬಿಲ್ಲು ಹರಿದು, ಹಣ ಜಮಾ ಆದ ಮೇಲೆ ವ್ಯವಹಾರ ಮುಗಿಯಿತೆಂಬುದು ವರ್ತಕರ ವಾಡಿಕೆ. ಕೊಂಡವನು ಆ ಸರಕನ್ನು ಏನು ಮಾಡಿದನೆಂದು ಮಾರಿದವನು ವಿಚಾರಿಸಲು ಹೋಗುವುದಿಲ್ಲ. ಅಪರೂಪಕ್ಕೊಮ್ಮೆ ಮಾತ್ರ ಕೊಂಡವನು ಮಾಡಿದ ಕೆಲಸವೇ ಮಾರಿದವನ ಉದ್ಯಮದ ಗಾತ್ರವನ್ನು ನಿರ್ಧರಿಸುವುದುಂಟು. ಜಪಾನಿನ ಸಪ್ಪೊರೊ ನಗರದ ಒಂದು ಸಣ್ಣ ಕಂಪನಿ 2007ರಲ್ಲಿ ಮಾರುಕಟ್ಟೆಗೆ ಬಿಟ್ಟ ಹಾಡುವ ತಂತ್ರಾಂಶವೊಂದರ ಕಥೆ ಅಂತಹುದು. ಆ ತಂತ್ರಾಂಶದ ಹೆಸರು ಹಾತ್ಸುನೆ ಮಿಕು. ಇಂದು ಅದು ಲೋಕವೆಲ್ಲ ಬಲ್ಲ ಗಾಯಕಿಯೊಬ್ಬಳ ಹೆಸರು. ಆದರೆ ಆ ಗಾಯಕಿಗೆ ದೇಹವಿಲ್ಲ, ಅವಳ ಹಾಡುಗಳಲ್ಲಿ ಹೆಚ್ಚಿನವನ್ನು ಬರೆದವರು ಕಂಪನಿಯ ನೌಕರರೂ ಅಲ್ಲ.

ಈ ಉದ್ಯಮ ಹೇಗೆ ಬೆಳೆಯಿತು, ಹಕ್ಕುಗಳನ್ನು ಹೇಗೆ ವಿಂಗಡಿಸಲಾಯಿತು, ಹಣ ಯಾವ ದಾರಿಯಲ್ಲಿ ಬಂದಿತು, ಇದರಿಂದ ಸಣ್ಣ ಉದ್ಯಮಿಗಳು ತಿಳಿಯಬೇಕಾದುದೇನು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ವಿವೇಚಿಸಲಾಗಿದೆ.

ಕಂಪನಿಯ ಹಿನ್ನೆಲೆ

ಕ್ರಿಪ್ಟನ್ ಫ್ಯೂಚರ್ ಮೀಡಿಯಾ ಎಂಬ ಈ ಕಂಪನಿಯನ್ನು ಹಿರೊಯುಕಿ ಇಟೊ ಅವರು 1995ರ ಜುಲೈ ತಿಂಗಳಲ್ಲಿ ಹೊಕ್ಕೈಡೊ ದ್ವೀಪದ ಸಪ್ಪೊರೊದಲ್ಲಿ ಸ್ಥಾಪಿಸಿದರು. ಅದಕ್ಕೂ ಮುನ್ನ ಅವರು ಹೊಕ್ಕೈಡೊ ವಿಶ್ವವಿದ್ಯಾನಿಲಯದಲ್ಲಿ ನೌಕರರಾಗಿದ್ದರು. ಕಂಪನಿಯ ಮೂಲ ವ್ಯಾಪಾರ ಶಬ್ದದ್ದು. ಸಂಗೀತಗಾರರಿಗೂ ಚಲನಚಿತ್ರ ತಯಾರಕರಿಗೂ ಬೇಕಾಗುವ ವಾದ್ಯಗಳ ನಾದ, ಮಳೆಯ ಸದ್ದು, ಬಾಗಿಲಿನ ಸದ್ದು ಮೊದಲಾದವುಗಳನ್ನು ವಿದೇಶಗಳಿಂದ ತರಿಸಿ ಜಪಾನಿನಲ್ಲಿ ಮಾರುವುದು ಅದರ ಕಸುಬಾಗಿತ್ತು. ರಾಜಧಾನಿ ಟೋಕಿಯೊದಿಂದ ದೂರದಲ್ಲಿದ್ದ ಈ ಸಂಸ್ಥೆಗೆ ದೊಡ್ಡ ಬಂಡವಾಳವಾಗಲಿ ಜಾಹೀರಾತಿನ ಬಲವಾಗಲಿ ಇರಲಿಲ್ಲ.

ಇದೇ ಕಾಲದಲ್ಲಿ ಯಮಹಾ ಕಂಪನಿಯು ಮನುಷ್ಯಕಂಠವನ್ನು ಗಣಕಯಂತ್ರದ ಮೂಲಕ ಹಾಡಿಸುವ ತಂತ್ರಜ್ಞಾನವನ್ನು ಸಿದ್ಧಪಡಿಸುತ್ತಿತ್ತು. 2003ರಲ್ಲಿ ಪ್ರಕಟವಾದ ಈ ತಂತ್ರಜ್ಞಾನಕ್ಕೆ ವೊಕಲಾಯ್ಡ್ ಎಂದು ಹೆಸರು. ಇದರ ಕ್ರಮ ಹೀಗಿದೆ. ಒಬ್ಬ ವ್ಯಕ್ತಿಯ ಕಂಠದಿಂದ ಭಾಷೆಯ ಎಲ್ಲ ಧ್ವನಿಗಳನ್ನೂ ಮುದ್ರಿಸಿಕೊಳ್ಳಲಾಗುತ್ತದೆ. ತಂತ್ರಾಂಶವನ್ನು ಕೊಂಡವನು ಸಾಹಿತ್ಯವನ್ನೂ ಸ್ವರವನ್ನೂ ಗಣಕಯಂತ್ರದಲ್ಲಿ ನಮೂದಿಸಿದರೆ, ಮುದ್ರಿತ ಧ್ವನಿಗಳು ಜೋಡಣೆಗೊಂಡು ಹಾಡಾಗುತ್ತವೆ. ಗಾಯಕರನ್ನು ಕರೆಸುವ ಅಥವಾ ಧ್ವನಿಮುದ್ರಣ ಶಾಲೆಯನ್ನು ಬಾಡಿಗೆಗೆ ಪಡೆಯುವ ಶಕ್ತಿಯಿಲ್ಲದವನಿಗೆ ಇದರಿಂದ ಮನೆಯಲ್ಲಿಯೇ ಒಂದು ಕಂಠ ದೊರೆತಂತಾಯಿತು.

ಕ್ರಿಪ್ಟನ್ ಈ ತಂತ್ರಜ್ಞಾನವನ್ನು ಬಳಸಿ 2004ರಲ್ಲಿ ಮೇಕೊ ಎಂಬ ಸ್ತ್ರೀಕಂಠವನ್ನೂ 2006ರಲ್ಲಿ ಕೈಟೊ ಎಂಬ ಪುರುಷಕಂಠವನ್ನೂ ಮಾರಾಟಕ್ಕೆ ತಂದಿತು. ಮೇಕೊ ಮೊದಲ ವರ್ಷದಲ್ಲಿ ಸುಮಾರು 3,000 ಪ್ರತಿಗಳಷ್ಟು ಮಾರಾಟವಾಯಿತು. ಇಂತಹ ತಂತ್ರಾಂಶಗಳಲ್ಲಿ ವರ್ಷಕ್ಕೆ 1,000 ಪ್ರತಿ ಹೋದರೆ ಅದೇ ಯಶಸ್ಸೆಂದು ಎಣಿಸುತ್ತಿದ್ದ ಕಾಲವದು. ಕೈಟೊ ಮಾತ್ರ ಆರಂಭದಲ್ಲಿ ಸುಮಾರು 500 ಪ್ರತಿಗಳಿಗೇ ನಿಂತಿತು. ಹೀಗೆ ಒಂದು ಲಾಭವನ್ನೂ ಒಂದು ಸೋಲನ್ನೂ ಕಂಡ ಮೇಲೆ ಕಂಪನಿ ಮೂರನೆಯ ಪ್ರಯತ್ನಕ್ಕೆ ಕೈಹಾಕಿತು.

ಹೆಸರು, ಮುಖ ಮತ್ತು ಕಂಠ

2007ರ ಆಗಸ್ಟ್ 31ರಂದು ಹಾತ್ಸುನೆ ಮಿಕು ಬಿಡುಗಡೆಯಾಯಿತು. ತೆರಿಗೆಯೂ ಸೇರಿ ಬೆಲೆ 15,750 ಯೆನ್. ಕಂಠ ನೀಡಿದವರು ಸಾಕಿ ಫುಜಿತಾ ಎಂಬ ಧ್ವನಿಕಲಾವಿದೆ. ಚಿತ್ರ ಬರೆದವರು ಕೇ ಎಂಬ ಕಲಾವಿದರು. ಹಸಿರು-ನೀಲಿ ಮಿಶ್ರಿತ ಬಣ್ಣದ ಎರಡು ನೀಳ ಜಡೆಗಳ ಹುಡುಗಿಯ ಈ ಚಿತ್ರವನ್ನು ಯಮಹಾದ ಹಳೆಯ ಸಿಂಥಸೈಜರ್ ವಾದ್ಯಗಳ ರೂಪವನ್ನು ನೆನಪಿಸುವಂತೆ ರಚಿಸಲಾಗಿತ್ತು. ಹೆಸರಿಗೆ "ಭವಿಷ್ಯದಿಂದ ಬಂದ ಮೊದಲ ನಾದ" ಎಂಬ ಭಾವ ಬರುವಂತೆ ಪದಗಳನ್ನು ಜೋಡಿಸಲಾಗಿತ್ತು.

ಈ ಪಾತ್ರದ ಬಗ್ಗೆ ಕಂಪನಿ ನೀಡಿದ ವಿವರ ಅತ್ಯಲ್ಪ: ವಯಸ್ಸು 16, ಎತ್ತರ 158 ಸೆಂಟಿಮೀಟರ್, ತೂಕ 42 ಕಿಲೋಗ್ರಾಂ, ಹಾಡಿಗೆ ಒಗ್ಗುವ ಲಯ ಮತ್ತು ಶ್ರುತಿಯ ವ್ಯಾಪ್ತಿ. ತಂದೆತಾಯಿ, ಊರು, ಸ್ವಭಾವ, ಕಥೆ ಯಾವುದೂ ಇರಲಿಲ್ಲ. ವ್ಯಂಗ್ಯಚಿತ್ರದಿಂದಲೋ ಚಲನಚಿತ್ರದಿಂದಲೋ ಹುಟ್ಟುವ ಪಾತ್ರಕ್ಕೆ ಮೊದಲು ಕಥೆ ಇರುತ್ತದೆ, ಆನಂತರ ಆಟಿಕೆಗಳು ಬರುತ್ತವೆ. ಇಲ್ಲಿ ಕಥೆಯ ಜಾಗವನ್ನು ಖಾಲಿ ಬಿಡಲಾಗಿತ್ತು. ಆ ಖಾಲಿ ಜಾಗವನ್ನು ಕೊಂಡವರೇ ತುಂಬಿದರು.

ತಂತ್ರಾಂಶ ಮಾರುಕಟ್ಟೆಗೆ ಬಂದು ಒಂದು ವರ್ಷ ತುಂಬುವ ಹೊತ್ತಿಗೆ ಸುಮಾರು 40,000 ಪ್ರತಿಗಳು ಮಾರಾಟವಾಗಿದ್ದವು. ಅಂದರೆ ಯಶಸ್ಸಿನ ಹಳೆಯ ಅಳತೆಗೋಲಿನ ನಲವತ್ತು ಪಟ್ಟು. ಮೂಲೆಯಲ್ಲಿ ಕುಳಿತಿದ್ದ ಕೈಟೊವಿಗೂ ಇದೇ ಅಲೆಯಲ್ಲಿ ಬೇಡಿಕೆ ಬಂದಿತು. ಹೋಗದೆ ಉಳಿದ ದಾಸ್ತಾನು ಪಕ್ಕದ ಸರಕಿನ ಕೀರ್ತಿಯಿಂದ ಕದಲಿದ ಉದಾಹರಣೆಯಿದು.

ಕೊಂಡವರು ಮಾಡಿದ ಕೆಲಸ

2006ರ ಡಿಸೆಂಬರ್‌ನಲ್ಲಿ ಜಪಾನಿನಲ್ಲಿ ನಿಕೊನಿಕೊ ಎಂಬ ದೃಶ್ಯತುಣುಕುಗಳ ಅಂತರ್ಜಾಲ ತಾಣ ಆರಂಭವಾಗಿತ್ತು. ಮಿಕುವನ್ನು ಕೊಂಡವರು ತಾವು ಹಾಡಿಸಿದ ಹಾಡುಗಳನ್ನು ಅಲ್ಲಿ ಪ್ರಕಟಿಸತೊಡಗಿದರು. ಗಮನಿಸಬೇಕಾದುದೆಂದರೆ, ಒಂದು ಹಾಡು ಒಬ್ಬನ ಕೈಯಲ್ಲಿಯೇ ಮುಗಿಯುತ್ತಿರಲಿಲ್ಲ. ಒಬ್ಬನು ಸಾಹಿತ್ಯ ಮತ್ತು ಸಂಗೀತ ರಚಿಸಿದರೆ, ಅದನ್ನು ಕೇಳಿ ಮೆಚ್ಚಿದ ಮತ್ತೊಬ್ಬನು ಚಿತ್ರ ಬರೆಯುತ್ತಿದ್ದನು. ಮೂರನೆಯವನು ಆ ಚಿತ್ರಕ್ಕೆ ಚಲನೆ ಕೊಡುತ್ತಿದ್ದನು. ನಾಲ್ಕನೆಯವನು ಅದೇ ಹಾಡನ್ನು ತನ್ನ ಸ್ವಂತ ಕಂಠದಲ್ಲಿ ಹಾಡಿ ಸೇರಿಸುತ್ತಿದ್ದನು, ಐದನೆಯವನು ಅದಕ್ಕೆ ಕುಣಿಯುತ್ತಿದ್ದನು. 2008ರ ಆರಂಭದಲ್ಲಿ ಅಭಿಮಾನಿಯೊಬ್ಬರು ಮಿಕುವಿನ ಮೂರು ಆಯಾಮದ ಗೊಂಬೆಯನ್ನು ಕುಣಿಸುವ ತಂತ್ರಾಂಶವನ್ನೇ ಬರೆದು ಉಚಿತವಾಗಿ ಹಂಚಿದರು. ಬಿಡಿಭಾಗಗಳನ್ನು ಬೇರೆ ಬೇರೆ ಘಟಕಗಳಲ್ಲಿ ಮಾಡಿಸಿ ಜೋಡಿಸುವ ಸಣ್ಣ ಕೈಗಾರಿಕೆಯವರಿಗೆ ಈ ಸರಪಳಿ ಪರಿಚಿತವೇ. ವ್ಯತ್ಯಾಸವಿಷ್ಟೆ: ಇಲ್ಲಿ ಕೆಲಸ ಹಂಚುವ ಮಾಲಿಕನೂ ಇರಲಿಲ್ಲ, ಕೂಲಿಯೂ ಇರಲಿಲ್ಲ.

2007ರ ಸೆಪ್ಟೆಂಬರ್‌ನಲ್ಲಿ ಅಭಿಮಾನಿಯೊಬ್ಬರು ಫಿನ್ಲೆಂಡಿನ ಜಾನಪದ ಗೀತೆಯೊಂದನ್ನು ಮಿಕುವಿನಿಂದ ಹಾಡಿಸಿದರು. ಜೊತೆಗಿದ್ದ ದೃಶ್ಯದಲ್ಲಿ ಪುಟ್ಟ ಮಿಕು ಕೈಯಲ್ಲಿ ಹಸಿರು ಈರುಳ್ಳಿಯನ್ನು ಹೋಲುವ ಉದ್ದನೆಯ ತರಕಾರಿಯೊಂದನ್ನು ಬೀಸುತ್ತಿದ್ದಳು. ಕಂಪನಿ ಇದನ್ನು ಯೋಜಿಸಿರಲಿಲ್ಲ. ಆದರೆ ಜನ ಮೆಚ್ಚಿದರು, ಕಂಪನಿ ಒಪ್ಪಿಕೊಂಡಿತು. ಮುಂದೆ ಹಣ ಪಡೆದು ಪರವಾನಗಿ ಕೊಟ್ಟ ಗೊಂಬೆಗಳ ಕೈಯಲ್ಲಿಯೂ ಅದೇ ತರಕಾರಿ ಕಾಣಿಸಿಕೊಂಡಿತು. ಸರಕಿನ ಗುರುತನ್ನೇ ಗಿರಾಕಿ ರೂಪಿಸಿದ ಸ್ಪಷ್ಟ ನಿದರ್ಶನವಿದು.

ನಿರ್ಧಾರದ ಸಮಯ

2007ರ ಕೊನೆಯ ತಿಂಗಳುಗಳಲ್ಲಿ ಕಂಪನಿಯ ಮುಂದಿದ್ದ ಪ್ರಶ್ನೆ ಸಣ್ಣದಾಗಿರಲಿಲ್ಲ. ಹಾಡನ್ನು ರಚಿಸಿದವನಿಗೆ ಆ ಹಾಡಿನ ಹಕ್ಕು ಸೇರುತ್ತದೆ. ಅದರಲ್ಲಿ ಗೊಂದಲವಿಲ್ಲ. ಆದರೆ ಮಿಕುವಿನ ಚಿತ್ರ ಮತ್ತು ಹೆಸರು ಕಂಪನಿಯ ಸ್ವತ್ತು. ಸಾವಿರಾರು ಜನ ಅನುಮತಿ ಕೇಳದೆ ಆ ಚಿತ್ರವನ್ನು ತಮಗೆ ಬೇಕಾದಂತೆ ಬರೆಯುತ್ತಿದ್ದರು. ಕಾನೂನನ್ನು ಕಟ್ಟುನಿಟ್ಟಾಗಿ ಅನ್ವಯಿಸಿದರೆ ಅದೆಲ್ಲವೂ ಉಲ್ಲಂಘನೆಯೇ.

ಕಂಪನಿಗೆ ಮೂರು ದಾರಿಗಳಿದ್ದವು. ನೋಟೀಸು ಕಳುಹಿಸಿ ತಡೆಯುವುದು ಮೊದಲನೆಯದು. ಹಾಗೆ ಮಾಡಿದ್ದರೆ ಹಕ್ಕು ಉಳಿಯುತ್ತಿತ್ತು, ಹಾಡುಗಳು ನಿಲ್ಲುತ್ತಿದ್ದವು. ಕಂಡೂ ಕಾಣದಂತೆ ಇರುವುದು ಎರಡನೆಯದು. ಜಪಾನಿನಲ್ಲಿ ಇದು ಹಳೆಯ ಪದ್ಧತಿ. 1975ರಿಂದ ಟೋಕಿಯೊದಲ್ಲಿ ನಡೆದುಬಂದಿರುವ ಕಾಮಿಕ್ ಮಾರ್ಕೆಟ್ ಎಂಬ ಜಾತ್ರೆಯಲ್ಲಿ ಅಭಿಮಾನಿಗಳು ಪ್ರಸಿದ್ಧ ಪಾತ್ರಗಳನ್ನು ಬಳಸಿ ಸ್ವಂತ ಪುಸ್ತಕ ಅಚ್ಚುಹಾಕಿಸಿ ಮಾರುತ್ತಾರೆ, ಹಕ್ಕುದಾರರು ಬಹುಮಟ್ಟಿಗೆ ಸುಮ್ಮನಿರುತ್ತಾರೆ. ಆದರೆ ಮೌನವು ಅನುಮತಿಯಲ್ಲ. ಇಂದು ಸುಮ್ಮನಿದ್ದವನು ನಾಳೆ ದಾವೆ ಹೂಡಬಹುದೆಂಬ ಅಳುಕು ಮಾಡುವವನಿಗೆ ಇದ್ದೇ ಇರುತ್ತದೆ. ಅಂತಹ ಅಳುಕಿನ ಮೇಲೆ ದೊಡ್ಡ ಕೆಲಸ ಕಟ್ಟಲಾಗದು.

ಕ್ರಿಪ್ಟನ್ ಮೂರನೆಯ ದಾರಿಯನ್ನು ಹಿಡಿಯಿತು. ಯಾವುದಕ್ಕೆ ಅನುಮತಿಯಿದೆ, ಯಾವುದಕ್ಕಿಲ್ಲ ಎಂಬುದನ್ನು ಬರವಣಿಗೆಯಲ್ಲಿ ಪ್ರಕಟಿಸಿತು. 2007ರ ಡಿಸೆಂಬರ್‌ನಲ್ಲಿ ಪಿಯಾಪ್ರೊ ಎಂಬ ತಾಣವನ್ನು ತೆರೆದು, ಹಾಡು, ಚಿತ್ರ ಮತ್ತು ಸಾಹಿತ್ಯವನ್ನು ಅಲ್ಲಿ ಇರಿಸಲು, ಮತ್ತೊಬ್ಬರದನ್ನು ನಿಯಮದಂತೆ ಬಳಸಿಕೊಳ್ಳಲು ಅವಕಾಶ ಮಾಡಿಕೊಟ್ಟಿತು. ಇದರ ಅಗತ್ಯ ಎಷ್ಟಿತ್ತೆಂಬುದಕ್ಕೆ ಅದೇ ತಿಂಗಳ ಒಂದು ಪ್ರಸಂಗ ಸಾಕ್ಷಿ. ರ್‍ಯೊ ಎಂಬ ಸಂಗೀತಗಾರರು "ಮೆಲ್ಟ್" ಎಂಬ ಹಾಡನ್ನು ಪ್ರಕಟಿಸುವಾಗ ಬೇರೊಬ್ಬ ಕಲಾವಿದರ ಚಿತ್ರವನ್ನು ಕೇಳದೆ ಬಳಸಿದ್ದರು. ಆನಂತರ ಕ್ಷಮೆ ಕೋರಿದರು. ಕಲಾವಿದರು ಮುನಿಯದೆ ಜೊತೆಗೂಡಿದರು. ಅವರೆಲ್ಲ ಸೇರಿ ಕಟ್ಟಿದ ಸೂಪರ್‌ಸೆಲ್ ಎಂಬ ತಂಡದ ಧ್ವನಿಮುದ್ರಿಕೆಯನ್ನು 2009ರ ಮಾರ್ಚ್‌ನಲ್ಲಿ ಸೋನಿ ಮ್ಯೂಸಿಕ್ ಹೊರತಂದಿತು. ಎಲ್ಲ ಪ್ರಸಂಗಗಳೂ ಹೀಗೆ ಸುಖಾಂತವಾಗುವುದಿಲ್ಲ. ಕೇಳುವ ಮತ್ತು ಕೊಡುವ ಕ್ರಮ ಮೊದಲೇ ಗೊತ್ತಿದ್ದರೆ ಕ್ಷಮೆಯ ಪ್ರಮೇಯವೇ ಬಾರದು.

ಮೂರು ಬಗೆಯ ಉಪಯೋಗ

ಕಂಪನಿಯ ನಿಯಮಗಳು ಮುಂದೆ ಪಿಯಾಪ್ರೊ ಕ್ಯಾರೆಕ್ಟರ್ ಲೈಸೆನ್ಸ್ ಎಂಬ ಹೆಸರಿನಲ್ಲಿ ಸ್ಥಿರರೂಪ ಪಡೆದವು. ಅವುಗಳ ಸಾರವನ್ನು ಹೀಗೆ ಸಂಗ್ರಹಿಸಬಹುದು.

1. ಲಾಭದ ಉದ್ದೇಶವಿಲ್ಲದೆ, ಹಣ ಪಡೆಯದೆ ಮಿಕುವಿನ ಚಿತ್ರ ಬರೆಯುವವರು ಮತ್ತು ಹಂಚುವವರು ನಿಯಮಗಳಿಗೆ ಬದ್ಧರಾಗಿದ್ದರೆ ಸಾಕು. ಪ್ರತ್ಯೇಕ ಅನುಮತಿಯೂ ಶುಲ್ಕವೂ ಬೇಕಿಲ್ಲ.

2. ಲಾಭದ ಉದ್ದೇಶವಿಲ್ಲದಿದ್ದರೂ ಮುದ್ರಣ ಮೊದಲಾದ ವೆಚ್ಚವನ್ನು ಹೊಂದಿಸಿಕೊಳ್ಳಲು ಸಣ್ಣ ಪ್ರಮಾಣದಲ್ಲಿ ಹಣ ಪಡೆಯುವ ಅಭಿಮಾನಿಗಳು ಅರ್ಜಿ ಸಲ್ಲಿಸಬೇಕು. ಅನುಮತಿ ಉಚಿತ. ಅದರ ಗುರುತನ್ನು ವಸ್ತುವಿನ ಮೇಲೆ ನಮೂದಿಸಬೇಕು.

3. ವ್ಯಾಪಾರಕ್ಕಾಗಿ ಬಳಸುವ ಕಂಪನಿಗಳು ಕರಾರು ಮಾಡಿಕೊಂಡು ರಾಯಧನ ಕೊಡಬೇಕು.

ಇವುಗಳ ಜೊತೆಗೆ ತಂತ್ರಾಂಶದ ಮಾರಾಟದ ಕರಾರು ಬೇರೆಯೇ ಇದೆ. ಮಿಕುವಿನ ಕಂಠದಲ್ಲಿ ಹಾಡಿಸಿದ ಹಾಡನ್ನು ಅದರ ಕರ್ತೃ ಮಾರಿಕೊಳ್ಳಬಹುದು. ಆದರೆ ಮಿಕುವಿನ ಹೆಸರನ್ನೂ ಚಿತ್ರವನ್ನೂ ಮುಖಪುಟಕ್ಕೆ ಹಾಕಿ ಮಾರಬೇಕಾದರೆ ಕಂಪನಿಯ ಪರವಾನಗಿ ಬೇಕು. ಸಭ್ಯತೆಗೆ ವಿರುದ್ಧವಾದ ಸಾಹಿತ್ಯಕ್ಕೆ ಕಂಠವನ್ನು ಬಳಸಕೂಡದು. 2012ರ ಡಿಸೆಂಬರ್‌ನಲ್ಲಿ ಹೊರದೇಶಗಳ ಅಭಿಮಾನಿಗಳಿಗೂ ತಿಳಿಯುವಂತೆ ಕಂಪನಿಯು ಕ್ರಿಯೇಟಿವ್ ಕಾಮನ್ಸ್ ಎಂಬ ಅಂತರರಾಷ್ಟ್ರೀಯ ಮಾದರಿಯ ಪರವಾನಗಿಯನ್ನು ಮೂಲಚಿತ್ರಗಳಿಗೆ ಅನ್ವಯಿಸಿತು. ಕರ್ತೃವಿನ ಹೆಸರು ಹೇಳಬೇಕು, ವ್ಯಾಪಾರಕ್ಕೆ ಬಳಸಕೂಡದು ಎಂಬುವು ಅದರ ಷರತ್ತುಗಳು.

ಈ ವಿಂಗಡಣೆಯ ಜಾಣ್ಮೆ ಎಲ್ಲಿದೆಯೆಂದರೆ, ಕಂಪನಿಯು ತನ್ನ ಒಡೆತನವನ್ನು ಹೆಸರು, ಮುಖ ಮತ್ತು ಕಂಠ ಎಂಬ ಮೂರಕ್ಕೆ ಸೀಮಿತಗೊಳಿಸಿತು. ಈ ಮೂರರ ಸುತ್ತ ಬೆಳೆಯುವ ಹಾಡು, ಚಿತ್ರ ಮತ್ತು ಕಥೆಗಳ ಮೇಲೆ ಹಕ್ಕು ಸಾಧಿಸಲು ಹೋಗಲಿಲ್ಲ. ತನ್ನದು ಎಷ್ಟು ಎಂಬುದನ್ನು ಕಂಪನಿ ಖಚಿತಪಡಿಸಿದ ಕಾರಣದಿಂದಲೇ ಉಳಿದುದು ತಮ್ಮದೆಂಬ ಧೈರ್ಯ ಅಭಿಮಾನಿಗಳಿಗೆ ಬಂದಿತು.

ಹಣ ಬಂದ ದಾರಿಗಳು

ಹಾಡುಗಳು ಉಚಿತವಾಗಿ ಹರಿದಾಡುತ್ತಿದ್ದರೆ ಹಣ ಬರುವುದೆಲ್ಲಿಂದ ಎಂಬ ಪ್ರಶ್ನೆ ಸಹಜ. ಮೊದಲನೆಯದು ತಂತ್ರಾಂಶದ ಮಾರಾಟ. ಪ್ರತಿಯೊಂದು ಹಾಡೂ ಹೊಸಬನೊಬ್ಬನಿಗೆ ತಾನೂ ಹಾಡು ಮಾಡಬೇಕೆಂಬ ಆಸೆ ಹುಟ್ಟಿಸುವ ಜಾಹೀರಾತಾಗಿತ್ತು. ಎರಡನೆಯದು ಪರವಾನಗಿಯ ರಾಯಧನ. ಸೆಗಾ ಕಂಪನಿಯು 2009ರ ಜುಲೈಯಲ್ಲಿ ಮಿಕುವಿನ ವಿಡಿಯೋ ಆಟವನ್ನು ಹೊರತಂದಿತು, ಅದರಲ್ಲಿ ಅಭಿಮಾನಿಗಳು ರಚಿಸಿದ ಹಾಡುಗಳಿದ್ದವು. ಗುಡ್ ಸ್ಮೈಲ್ ಕಂಪನಿ ಗೊಂಬೆಗಳನ್ನು ತಯಾರಿಸಿತು. ಅದೇ ಬಳಗದ ಮೋಟಾರು ಪಂದ್ಯದ ತಂಡವು ಮಿಕುವಿನ ಚಿತ್ರವಿರುವ ಕಾರನ್ನು ಓಡಿಸಿ, 2011, 2014 ಮತ್ತು 2017ರಲ್ಲಿ ಜಪಾನಿನ ಸೂಪರ್ ಜಿಟಿ ಸ್ಪರ್ಧೆಯ ಜಿಟಿ300 ವಿಭಾಗದಲ್ಲಿ ವರ್ಷದ ಪ್ರಶಸ್ತಿ ಗೆದ್ದಿತು. ಈ ತಂಡಕ್ಕೆ ಅಭಿಮಾನಿಗಳೇ ಸಣ್ಣ ಸಣ್ಣ ಮೊತ್ತ ಕೊಟ್ಟು ಪ್ರಾಯೋಜಕರಾದದ್ದು ವಿಶೇಷ.

ಮೂರನೆಯದು ರಂಗಪ್ರದರ್ಶನ. 2010ರ ಮಾರ್ಚ್ 9ರಂದು ಟೋಕಿಯೊದಲ್ಲಿ ನಡೆದ ಕಚೇರಿಯಲ್ಲಿ ಪಾರದರ್ಶಕ ಪರದೆಯ ಮೇಲೆ ಮಿಕುವಿನ ಬಿಂಬ ಮೂಡಿಸಿ, ಜೀವಂತ ವಾದ್ಯಗಾರರು ಪಕ್ಕದಲ್ಲಿ ನಿಂತು ನುಡಿಸಿದರು. ಜಪಾನೀ ಭಾಷೆಯಲ್ಲಿ 3 ಮತ್ತು 9ನ್ನು "ಮಿ-ಕು" ಎಂದು ಓದಬಹುದಾದ್ದರಿಂದ ಮಾರ್ಚ್ 9 ಅಭಿಮಾನಿಗಳಿಗೆ ಮಿಕುವಿನ ದಿನ. ನಾಲ್ಕನೆಯದು ಹಾಡುಗಳ ಡಿಜಿಟಲ್ ಮಾರಾಟ. ಕಾರೆಂಟ್ ಎಂಬ ತನ್ನ ಮುದ್ರೆಯ ಮೂಲಕ ಕ್ರಿಪ್ಟನ್ ಕಂಪನಿಯೇ ರಚನಕಾರರ ಹಾಡುಗಳನ್ನು ಲೋಕದ ಮಾರುಕಟ್ಟೆಗಳಿಗೆ ತಲಪಿಸುವ ವ್ಯವಸ್ಥೆ ಮಾಡಿತು.

ಅಂಕಿಗಳನ್ನು ಹೀಗೆ ತುಲನೆ ಮಾಡಬಹುದು. ಮೊದಲ ವರ್ಷದ ಸುಮಾರು 40,000 ಪ್ರತಿಗಳನ್ನು ತೆರಿಗೆ ಕಳೆದ ಬೆಲೆಯಾದ 15,000 ಯೆನ್‌ನಿಂದ ಗುಣಿಸಿದರೆ ಅಂಗಡಿಯ ಬೆಲೆಯಲ್ಲಿ ಸುಮಾರು 60 ಕೋಟಿ ಯೆನ್. ಇದರಲ್ಲಿ ಅಂಗಡಿಯವರ ಕಮಿಷನ್ ಮತ್ತು ತಂತ್ರಜ್ಞಾನದ ಒಡೆಯರ ಪಾಲು ಕಳೆಯಬೇಕು. ಇನ್ನೊಂದೆಡೆ, ಬಿಡುಗಡೆಯಿಂದ 2012ರ ಮಾರ್ಚ್‌ವರೆಗೆ ಮಿಕುವಿನ ಸುತ್ತ ನಡೆದ ವಹಿವಾಟನ್ನು ನೋಮುರಾ ಸಂಶೋಧನಾ ಸಂಸ್ಥೆ 1,000 ಕೋಟಿ ಯೆನ್‌ಗೂ ಅಧಿಕವೆಂದು ಅಂದಾಜಿಸಿತ್ತು. ಒಂದು ವರ್ಷದ ಅಂಕಿಯನ್ನು ನಾಲ್ಕೂವರೆ ವರ್ಷಗಳ ಅಂದಾಜಿನೊಡನೆ ನೇರವಾಗಿ ಹೋಲಿಸಲಾಗದು. ಆದರೂ ವಹಿವಾಟಿನ ಬಹುಭಾಗ ತಂತ್ರಾಂಶದ ಹೊರಗೆ, ಗೊಂಬೆ, ಆಟ, ಧ್ವನಿಮುದ್ರಿಕೆ ಮತ್ತು ಪ್ರದರ್ಶನಗಳಲ್ಲಿ ನಡೆಯಿತೆಂಬುದು ಇದರಿಂದ ಸ್ಪಷ್ಟ. ಕಂಪನಿಗೆ ದೊರೆತದ್ದು ಅದರಲ್ಲಿ ಒಂದು ಪಾಲು ಮಾತ್ರ. ಎಲ್ಲವನ್ನೂ ತಾನೇ ಮಾಡುವೆನೆಂದು ಹೊರಟಿದ್ದರೆ ಆ ಗಾತ್ರದ ವಹಿವಾಟು ಹುಟ್ಟುತ್ತಲೇ ಇರಲಿಲ್ಲ.

ಜಪಾನಿನ ಗಡಿಯಾಚೆಗೆ

ಭಾಷೆ ತಿಳಿಯದ ದೇಶಗಳಿಗೂ ಹಾಡುಗಳು ಅಂತರ್ಜಾಲದ ಮೂಲಕ ತಲಪಿದವು. ಹೊರದೇಶದ ಅಭಿಮಾನಿಗಳೇ ಸಾಹಿತ್ಯವನ್ನು ತಮ್ಮ ತಮ್ಮ ಭಾಷೆಗೆ ಅನುವಾದಿಸಿ ಸೇರಿಸಿದರು. ಅನುವಾದದ ವೆಚ್ಚವೂ ಕಂಪನಿಯ ಮೇಲೆ ಬೀಳಲಿಲ್ಲ. 2011ರ ಜುಲೈ 2ರಂದು ಲಾಸ್ ಏಂಜಲಿಸ್ ನಗರದಲ್ಲಿ, ಆಗ ನೋಕಿಯಾ ಥಿಯೇಟರ್ ಎಂದು ಕರೆಯುತ್ತಿದ್ದ ಸಭಾಂಗಣದಲ್ಲಿ ಮಿಕುವಿನ ಕಚೇರಿ ನಡೆಯಿತು. ಅದೇ ವರ್ಷ ಟೊಯೋಟಾ ಕಂಪನಿಯು ಅಮೆರಿಕದಲ್ಲಿ ಕೊರೊಲಾ ಕಾರಿನ ಜಾಹೀರಾತಿಗೂ, ಗೂಗಲ್ ಕಂಪನಿಯು ಜಪಾನಿನಲ್ಲಿ ತನ್ನ ಕ್ರೋಮ್ ಜಾಹೀರಾತಿಗೂ ಮಿಕುವನ್ನು ಬಳಸಿದವು. ಗೂಗಲ್‌ನ ಜಾಹೀರಾತಿನ ವಸ್ತುವೇ ಅಭಿಮಾನಿಗಳ ಈ ಸರಪಳಿಯಾಗಿತ್ತು. 2014ರ ಮೇ ತಿಂಗಳಲ್ಲಿ ಇಂಡೋನೇಷ್ಯಾದ ಜಕಾರ್ತದಿಂದ ಮಿಕು ಎಕ್ಸ್‌ಪೋ ಎಂಬ ಸಂಚಾರಿ ಪ್ರದರ್ಶನ ಮಾಲೆ ಆರಂಭವಾಯಿತು. ಅದೇ ವರ್ಷ ಲೇಡಿ ಗಾಗಾ ಅವರ ಸಂಗೀತ ಪ್ರವಾಸದ ಕೆಲವು ಕಚೇರಿಗಳಲ್ಲಿ ಮಿಕು ಮೊದಲು ಹಾಡಿದಳು. 2024ರ ಏಪ್ರಿಲ್‌ನಲ್ಲಿ ಕ್ಯಾಲಿಫೋರ್ನಿಯಾದ ಕೋಚೆಲ್ಲಾ ಸಂಗೀತೋತ್ಸವದಲ್ಲಿಯೂ ಕಾಣಿಸಿಕೊಂಡಳು.

ಲೋಕಕ್ಕೆ ಹೋದರೂ ಕಂಪನಿ ಊರನ್ನು ಮರೆಯಲಿಲ್ಲ. ಕಚೇರಿ ಇಂದಿಗೂ ಸಪ್ಪೊರೊದಲ್ಲಿದೆ. 2010ರ ಸಪ್ಪೊರೊ ಹಿಮೋತ್ಸವದಲ್ಲಿ ಮಿಕುವಿನ ಹಿಮಶಿಲ್ಪ ನಿಲ್ಲಿಸಿದ್ದರಿಂದ ಹಿಮ ಮಿಕು ಎಂಬ ಚಳಿಗಾಲದ ರೂಪ ಹುಟ್ಟಿತು. ಅವಳ ಉಡುಪಿನ ವಿನ್ಯಾಸವನ್ನು ಅಭಿಮಾನಿಗಳು ಪಿಯಾಪ್ರೊಗೆ ಕಳುಹಿಸಿದ ಚಿತ್ರಗಳಿಂದ ಆರಿಸುವ ಪದ್ಧತಿ ಬೆಳೆಯಿತು. ನಗರದ ಟ್ರಾಮ್ ಬಂಡಿಯ ಮೇಲೂ ಅದೇ ಚಿತ್ರ ಏರಿತು. ಹೊಕ್ಕೈಡೊದ ಪ್ರವಾಸೋದ್ಯಮಕ್ಕೆ ಇದರಿಂದ ಒಂದು ಹೊಸ ಆಕರ್ಷಣೆ ದೊರೆಯಿತು.

ನಂಬಿಕೆ ಅಲುಗಿದ ಸಂದರ್ಭಗಳು

ಈ ಕಥೆಯಲ್ಲಿ ಎಲ್ಲವೂ ಸುಗಮವಾಗಿ ನಡೆಯಿತೆಂದು ಭಾವಿಸಬಾರದು. 2007ರ ಡಿಸೆಂಬರ್‌ನಲ್ಲಿಯೇ ಒಂದು ವಿವಾದ ಉಂಟಾಯಿತು. ಇಕಾ ಎಂಬ ರಚನಕಾರರ ಜನಪ್ರಿಯ ಹಾಡೊಂದು, ನಿಕೊನಿಕೊ ತಾಣದ ಬಳಗಕ್ಕೆ ಸೇರಿದ ಸಂಗೀತ ಕಂಪನಿಯ ಮೂಲಕ, ಜಪಾನಿನ ಸಂಗೀತ ಹಕ್ಕುಗಳ ಸಂಘವಾದ ಜಸ್ರಾಕ್‌ನಲ್ಲಿ ನೋಂದಣಿಯಾಗಿತ್ತು. ಕಲಾವಿದರ ಹೆಸರಿನ ಜಾಗದಲ್ಲಿ ಹಾತ್ಸುನೆ ಮಿಕು ಎಂದು ನಮೂದಾಗಿತ್ತು. ತಾವು ಉಚಿತವಾಗಿ ಹಂಚಿಕೊಳ್ಳುತ್ತಿದ್ದ ಹಾಡಿಗೆ ಇನ್ನು ಶುಲ್ಕ ಕೊಡಬೇಕೇ ಎಂದು ಅಭಿಮಾನಿಗಳು ಕೆರಳಿದರು. ತನ್ನ ಸಮ್ಮತಿಯಿಲ್ಲದೆ ಹೆಸರು ಬಳಕೆಯಾಯಿತೆಂದು ಕ್ರಿಪ್ಟನ್ ಆಕ್ಷೇಪಿಸಿತು. ವರ್ಷ ಮುಗಿಯುವುದರೊಳಗೆ ಎರಡೂ ಕಡೆಯವರು ರಾಜಿಯಾದರು. ಹಣದ ಮೊತ್ತ ಇಲ್ಲಿ ಮುಖ್ಯವಾಗಿರಲಿಲ್ಲ. ತಾವು ಕೊಟ್ಟದ್ದನ್ನು ಬೇರೊಬ್ಬರು ಮಾರಿಕೊಳ್ಳುತ್ತಿದ್ದಾರೆಂಬ ಸಂಶಯ ಒಮ್ಮೆ ಹುಟ್ಟಿದರೆ ಕೊಡುವ ಕೈ ಹಿಂದೆ ಸರಿಯುತ್ತದೆ.

2024ರಲ್ಲಿ ಉತ್ತರ ಅಮೆರಿಕದ ಪ್ರವಾಸದಲ್ಲಿ ಮತ್ತೊಂದು ಬಗೆಯ ಅಸಮಾಧಾನ ಎದ್ದಿತು. ಹಿಂದಿನಂತೆ ಪಾರದರ್ಶಕ ಪರದೆಯ ಮೇಲೆ ಬಿಂಬ ಮೂಡಿಸುವ ಬದಲು ಸಾಮಾನ್ಯ ಎಲ್‌ಇಡಿ ಪರದೆಯನ್ನು ಬಳಸಲಾಗಿತ್ತು. ಟಿಕೆಟಿಗೆ ಹಣ ತೆತ್ತವರು ಬಹಿರಂಗವಾಗಿ ಟೀಕಿಸಿದರು. ತಾವೇ ಬೆಳೆಸಿದ ಗಾಯಕಿ ಎಂಬ ಭಾವವುಳ್ಳ ಗಿರಾಕಿಯು ಸಾಧಾರಣ ಗಿರಾಕಿಗಿಂತ ಹೆಚ್ಚು ಕ್ಷಮಿಸುತ್ತಾನೆ, ಆದರೆ ಹೆಚ್ಚು ನಿರೀಕ್ಷಿಸುತ್ತಾನೆ ಕೂಡ.

ಇವೆರಡಕ್ಕಿಂತ ಆಳವಾದ ಪ್ರಶ್ನೆ ನ್ಯಾಯದ್ದು. ಕೂಲಿಯಿಲ್ಲದೆ ದುಡಿದವರ ಶ್ರಮದಿಂದ ಕಂಪನಿಗಳು ಲಾಭ ಮಾಡಿಕೊಳ್ಳುವುದು ಸರಿಯೇ? ಹಲವು ರಚನಕಾರರಿಗೆ ಮೆಚ್ಚುಗೆಯ ಹೊರತು ಬೇರೇನೂ ದೊರೆಯಲಿಲ್ಲವೆಂಬುದು ನಿಜ. ಆದರೆ ಹಾಡಿನ ಹಕ್ಕು ರಚಿಸಿದವನಲ್ಲಿಯೇ ಉಳಿದುದರಿಂದ, ಹಾಡು ಹಣ ತಂದಾಗ ಪಾಲು ಕೇಳುವ ಅಧಿಕಾರ ಅವನಿಗಿತ್ತು. ಹಾಚಿ ಎಂಬ ಹೆಸರಿನಲ್ಲಿ 2009ರಿಂದ ಮಿಕುವಿಗೆ ಹಾಡು ಬರೆದ ಯುವಕ ಮುಂದೆ ಕೆನ್ಶಿ ಯೊನೆಜು ಎಂಬ ಸ್ವಂತ ಹೆಸರಿನಲ್ಲಿ ಜಪಾನಿನ ಅಗ್ರಗಣ್ಯ ಗಾಯಕರಾದರು. ಯೊಆಸೊಬಿ ಜೋಡಿಯ ಸಂಗೀತಗಾರ ಅಯಾಸೆ ಕೂಡ ಇದೇ ದಾರಿಯಲ್ಲಿ ಬಂದವರು. ಹಕ್ಕನ್ನು ಕಂಪನಿಯೇ ಮೊದಲ ದಿನ ಬರೆಸಿಕೊಂಡಿದ್ದರೆ ಇವರು ಅಲ್ಲಿಗೆ ಬರುತ್ತಿದ್ದರೆಂದು ನಂಬಲು ಕಾರಣವಿಲ್ಲ.

ಅಢಾವೆ ಪತ್ರಿಕೆಯಲ್ಲಿ ಕಾಣದ ಆಸ್ತಿ

ಲೆಕ್ಕಶಾಸ್ತ್ರದ ದೃಷ್ಟಿಯಿಂದ ಈ ಪ್ರಕರಣ ಕುತೂಹಲಕರವಾದುದು. ಭಾರತದಲ್ಲಿ ಅಮೂರ್ತ ಆಸ್ತಿಗಳಿಗೆ ಸಂಬಂಧಿಸಿದ ಲೆಕ್ಕಪತ್ರ ಮಾನಕ 26ರ ಪ್ರಕಾರ, ಸಂಸ್ಥೆಯು ಒಳಗಿನಿಂದಲೇ ಬೆಳೆಸಿಕೊಂಡ ಬ್ರಾಂಡು, ಗಿರಾಕಿಗಳ ಪಟ್ಟಿ, ಕೀರ್ತಿಮೌಲ್ಯ ಮೊದಲಾದವುಗಳನ್ನು ಆಸ್ತಿಯೆಂದು ಅಢಾವೆ ಪತ್ರಿಕೆಯಲ್ಲಿ ತೋರಿಸುವಂತಿಲ್ಲ. ಬೇರೆಯವರಿಂದ ಬೆಲೆ ಕೊಟ್ಟು ಕೊಂಡಾಗ ಮಾತ್ರ ಅವು ಲೆಕ್ಕಕ್ಕೆ ಬರುತ್ತವೆ. ಅಂತರರಾಷ್ಟ್ರೀಯ ಮಾನಕವೂ ಇದೇ ನಿಲುವನ್ನು ತಳೆದಿದೆ. ಅಭಿಮಾನಿಗಳು ಕಟ್ಟಿಕೊಟ್ಟ ಕೀರ್ತಿಗಂತೂ ಕಂಪನಿ ಬೆಲೆಯನ್ನೇ ತೆತ್ತಿಲ್ಲ.

ಇದರ ಫಲವೇನು? ಅತ್ಯಂತ ಬೆಲೆಬಾಳುವ ಆಸ್ತಿ ಖಾತೆಪುಸ್ತಕದಲ್ಲಿ ಇರುವುದಿಲ್ಲ. ಪುಸ್ತಕದಲ್ಲಿ ಇಲ್ಲದ ಆಸ್ತಿಗೆ ಸವಕಳಿ ಬರೆಯುವವರಿಲ್ಲ, ವಿಮೆ ಮಾಡಿಸುವವರಿಲ್ಲ, ಅದು ಕುಗ್ಗುತ್ತಿದೆಯೆಂದು ವರ್ಷಾಂತ್ಯದಲ್ಲಿ ಎಚ್ಚರಿಸುವವರೂ ಇಲ್ಲ. ಆಡಳಿತಗಾರನೇ ಅದನ್ನು ದಿನದಿನವೂ ಕಾಯಬೇಕು. ಕ್ರಿಪ್ಟನ್ ಕಂಪನಿಯ ನಿಯಮಾವಳಿಯನ್ನು ಈ ಕಾಣದ ಆಸ್ತಿಯ ಕಾವಲೆಂದು ತಿಳಿಯಬೇಕು.

ಭಾರತದ ಕಾನೂನಿನ ಚೌಕಟ್ಟಿನಲ್ಲಿ

ಆಟಿಕೆ, ಬಟ್ಟೆ, ಮುದ್ರಣ, ಉಡುಗೊರೆ ವಸ್ತು ಮೊದಲಾದವುಗಳನ್ನು ತಯಾರಿಸುವ ಸಣ್ಣ ಉದ್ಯಮಿಗಳು ತಮ್ಮದೇ ಗುರುತಿನ ಚಿತ್ರವನ್ನು ರೂಪಿಸಲಿ, ಬೇರೆಯವರ ಪಾತ್ರಕ್ಕೆ ಪರವಾನಗಿ ಪಡೆಯಲಿ, ಕೆಳಗಿನ ಅಂಶಗಳನ್ನು ಗಮನಿಸುವುದು ಒಳಿತು.

1. ಕೃತಿಸ್ವಾಮ್ಯ ಅಧಿನಿಯಮ, 1957ರ ಪ್ರಕಾರ ಹಕ್ಕಿನ ವರ್ಗಾವಣೆಯಾಗಲಿ ಪರವಾನಗಿಯಾಗಲಿ ಬರವಣಿಗೆಯಲ್ಲಿರಬೇಕು. ಅವಧಿಯನ್ನು ನಮೂದಿಸದಿದ್ದರೆ ಐದು ವರ್ಷವೆಂದೂ, ಪ್ರದೇಶವನ್ನು ನಮೂದಿಸದಿದ್ದರೆ ಭಾರತದ ವ್ಯಾಪ್ತಿಯೆಂದೂ ಭಾವಿಸಲಾಗುತ್ತದೆ. ರಫ್ತು ಮಾಡುವವರು ಪ್ರದೇಶದ ಕಲಮನ್ನು ಬರೆಸಲು ಮರೆಯಬಾರದು.

2. ಹೊರಗಿನ ಕಲಾವಿದರಿಂದ ಚಿತ್ರ ಬರೆಸಿದಾಗ ಹಣ ಕೊಟ್ಟ ಮಾತ್ರಕ್ಕೆ ಹಕ್ಕು ತನಗೇ ಬಂದಿತೆಂದು ಭಾವಿಸಬಾರದು. ನೌಕರನು ಕೆಲಸದ ಅಂಗವಾಗಿ ಬರೆದ ಚಿತ್ರಕ್ಕೂ ಹೊರಗಿನವರ ಚಿತ್ರಕ್ಕೂ ಕಾನೂನಿನಲ್ಲಿ ವ್ಯತ್ಯಾಸವಿದೆ. ವರ್ಗಾವಣೆ ಪತ್ರ ಅಗತ್ಯ.

3. ವಿನ್ಯಾಸ ಅಧಿನಿಯಮ, 2000ರಡಿ ನೋಂದಾಯಿಸಬಹುದಾದ ವಿನ್ಯಾಸವನ್ನು ನೋಂದಾಯಿಸದೆ, ಕೈಗಾರಿಕಾ ವಿಧಾನದಿಂದ 50ಕ್ಕಿಂತ ಹೆಚ್ಚು ಬಾರಿ ತಯಾರಿಸಿದರೆ ಅದರ ಕೃತಿಸ್ವಾಮ್ಯ ಕೊನೆಗೊಳ್ಳುತ್ತದೆ. ಆದುದರಿಂದ ಮಾರುಕಟ್ಟೆಗೆ ಬಿಡುವ ಮುನ್ನವೇ ನೋಂದಣಿಯ ವಿಚಾರ ಮಾಡಬೇಕು.

4. ಹೆಸರು ಮತ್ತು ಚಿಹ್ನೆಯನ್ನು ವ್ಯಾಪಾರ ಚಿಹ್ನೆಗಳ ಅಧಿನಿಯಮ, 1999ರಡಿ ನೋಂದಾಯಿಸಿದ ಮೇಲೆ ಇತರರಿಗೆ ಅನುಮತಿ ಕೊಡುವುದು ಕ್ಷೇಮ. ತನ್ನದೆಂದು ಸ್ಥಾಪಿತವಾಗದ್ದನ್ನು ಹಂಚಲು ಹೊರಟರೆ ಮುಂದೆ ತನ್ನದೆಂದು ಹೇಳಿಕೊಳ್ಳುವುದು ಕಷ್ಟ.

5. ಗಿರಾಕಿಗಳಿಂದ ಚಿತ್ರ, ಹೆಸರು ಅಥವಾ ಘೋಷವಾಕ್ಯಗಳ ಸ್ಪರ್ಧೆ ಏರ್ಪಡಿಸುವಾಗ, ಆರಿಸಿದ್ದನ್ನು ಹೇಗೆ ಬಳಸಲಾಗುವುದು, ರಚಿಸಿದವರ ಹೆಸರು ಎಲ್ಲಿ ಕಾಣಿಸುವುದು, ಸಂಭಾವನೆ ಎಷ್ಟು ಎಂಬುದನ್ನು ಮೊದಲೇ ಪ್ರಕಟಿಸಬೇಕು. ಆರಿಸದ ಕೃತಿಗಳ ಹಕ್ಕು ಕಳುಹಿಸಿದವರದೇ ಎಂಬುದನ್ನೂ ಸ್ಪಷ್ಟಪಡಿಸಬೇಕು.

ಉಪಸಂಹಾರ

ಮಿಕುವಿನ ಯಶಸ್ಸನ್ನು ಹಾಗೆಯೇ ನಕಲು ಮಾಡಲಾಗದು. ಯಮಹಾದ ತಂತ್ರಜ್ಞಾನ, ಆಗತಾನೇ ಹುಟ್ಟಿದ ದೃಶ್ಯತಾಣ, ಜಪಾನಿನ ಸ್ವಯಂಪ್ರಕಾಶನದ ಪರಂಪರೆ ಈ ಮೂರೂ ಒಂದೇ ಕಾಲಕ್ಕೆ ಕೂಡಿಬಂದುದು ಕಂಪನಿಯ ಅದೃಷ್ಟ. ಆದರೆ ಅದೃಷ್ಟ ಬಾ‌ಗಿಲಿಗೆ ಬಂದಾಗ ಏನು ಮಾಡಬೇಕೆಂಬುದು ನಿರ್ಧಾರಕ್ಕೆ ಸೇರಿದ್ದು. ದೂರದ ಊರಿನ ಸಣ್ಣ ಕಂಪನಿಯೊಂದು ತನ್ನ ಸ್ವತ್ತನ್ನು ಜನ ಮುಟ್ಟುತ್ತಿರುವುದನ್ನು ಕಂಡು ಬೇಲಿಯನ್ನು ಎತ್ತರಿಸಲಿಲ್ಲ, ಬೇಲಿಯನ್ನೇ ಕಿತ್ತುಹಾಕಲೂ ಇಲ್ಲ. ಎಲ್ಲಿಯವರೆಗೆ ಬರಬಹುದೆಂಬುದನ್ನು ಎಲ್ಲರಿಗೂ ಓದಲು ಬರುವಂತೆ ಬರೆದು ನಿಲ್ಲಿಸಿತು, ಆನಂತರ ಬರೆದ ಮಾತಿಗೆ ಬದ್ಧವಾಗಿ ನಡೆಯಿತು.

ವರ್ತಕ ಮತ್ತು ಗಿರಾಕಿಯ ನಡುವಿನ ವಿಶ್ವಾಸದ ಬಗ್ಗೆ ಹಿರಿಯರು ಬಾಯಿಮಾತಿನಲ್ಲಿ ಹೇಳುತ್ತಿದ್ದುದನ್ನು ಈ ಪ್ರಕರಣ ಪರವಾನಗಿ ಪತ್ರದ ಭಾಷೆಯಲ್ಲಿ ಹೇಳುತ್ತದೆ. ಗಿರಾಕಿಯ ಸೃಜನಶೀಲತೆಯನ್ನು ಬಯಸುವ ಉದ್ಯಮಿಯು ಮೊದಲು ಎರಡು ಪಟ್ಟಿಗಳನ್ನು ಸಿದ್ಧಪಡಿಸಬೇಕು: ತಾನು ಬಿಟ್ಟುಕೊಡಲಾಗದವುಗಳ ಪಟ್ಟಿ ಒಂದು, ಧಾರಾಳವಾಗಿ ಬಿಟ್ಟುಕೊಡಬಹುದಾದವುಗಳ ಪಟ್ಟಿ ಇನ್ನೊಂದು. ಮೊದಲನೆಯದು ಚಿಕ್ಕದಾಗಿಯೂ ಖಚಿತವಾಗಿಯೂ ಇದ್ದರೆ, ಎರಡನೆಯದು ತಾನಾಗಿ ಬೆಳೆಯಲು ಅವಕಾಶ ದೊರೆಯುತ್ತದೆ.